ಇಂಜಿನಿಯರಿಂಗ್ ಕಾಲೇಜಿನ ಗ್ರಂಥಪಾಲಕರು: ನಾವು ಮರೆತಿರುವ ಗುರುಗಳು

ಸಿಇಟಿ ಫಲಿತಾಂಶ ಬಂತೆಂದರೆ ಕರಾವಳಿಯ ಮನೆಮನೆಗಳಲ್ಲಿ ರ‍್ಯಾಂಕಿನದೇ ಮಾತು. ಯಾವ ಕಾಲೇಜು, ಯಾವ ವಿಭಾಗ, ಶುಲ್ಕ ಎಷ್ಟು, ಕ್ಯಾಂಪಸ್ ನೇಮಕಾತಿ ಹೇಗಿದೆ ಎಂದು ಹೆತ್ತವರು ಹತ್ತು ಕಡೆ ವಿಚಾರಿಸುತ್ತಾರೆ. ಆದರೆ ಆ ಕಾಲೇಜಿನ ಗ್ರಂಥಾಲಯ ಹೇಗಿದೆ, ಅಲ್ಲಿನ ಗ್ರಂಥಪಾಲಕರು ಮಕ್ಕಳಿಗೆ ಏನು ನೆರವು ನೀಡುತ್ತಾರೆ ಎಂದು ಕೇಳಿದವರನ್ನು ನಾವು ಕಂಡದ್ದು ಬಹಳ ಅಪರೂಪ.

ಈ ಪ್ರಶ್ನೆಯನ್ನು ಈಗ ಕೇಳಲು ಕಾರಣವಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಲಾಭ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಅನುಮೋದನೆಯಾದ ರೂಪದಲ್ಲಿ ಇದು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಕೇಂದ್ರಗಳಿಗೆ ಮಾತ್ರ. ನಮ್ಮ ರಾಜ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದುವುದು ಖಾಸಗಿ ಕಾಲೇಜುಗಳಲ್ಲಿ. ಅಂಥ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಒಕ್ಕೂಟದ ಮೂಲಕವೋ ಸ್ವಂತ ಹಣದಿಂದಲೋ ಚಂದಾ ಪಡೆಯಬೇಕು. ದುಡ್ಡಿಲ್ಲದ ಕಾಲೇಜಿನ ವಿದ್ಯಾರ್ಥಿ ಹಿಂದೆ ಉಳಿಯುತ್ತಾನೆ.

ಚಂದಾ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೇ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಹಳ್ಳಿಯ ಹುಡುಗಿಯೊಬ್ಬಳನ್ನು ನೆನೆಯೋಣ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಆಕೆಗೆ ಕಾಲೇಜಿನ ಬಾಗಿಲು ತೆರೆಯಬಹುದು. ಒಳಗೆ ಹೋದ ಮೇಲೆ ದಪ್ಪ ಇಂಗ್ಲಿಷ್ ಪುಸ್ತಕ, ವೇಗದ ಪಾಠ, ಗೊತ್ತಿಲ್ಲವೆಂದು ಹೇಳಲು ನಾಚಿಕೆ. ಮೊದಲ ಸೆಮಿಸ್ಟರಿನಲ್ಲೇ ಗಣಿತ ಉಳಿದುಹೋದರೆ ಮುಂದಿನದೆಲ್ಲ ಭಾರ. ಉಪನ್ಯಾಸಕರ ಬಳಿ ಹೋಗಲು ಅಂಜುವ ಇಂಥ ಮಕ್ಕಳು ಗ್ರಂಥಾಲಯದ ಮೇಜಿನ ಬಳಿ ಬರುತ್ತಾರೆ. ಏಕೆಂದರೆ ಗ್ರಂಥಪಾಲಕರು ಅಂಕ ಕೊಡುವವರಲ್ಲ.

ಒಳ್ಳೆಯ ಗ್ರಂಥಪಾಲಕರು ಆಗ ಸರಳವಾದ ಪುಸ್ತಕವೊಂದನ್ನು ಮೊದಲು ಕೊಡುತ್ತಾರೆ. ಬುಕ್ ಬ್ಯಾಂಕಿನಿಂದ ಇಡೀ ಸೆಮಿಸ್ಟರಿಗೆ ಪುಸ್ತಕ ಸಿಗುವಂತೆ ಮಾಡುತ್ತಾರೆ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತವೆಂದು, ಖರಗ್‌ಪುರ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ತೆರೆದಿದೆಯೆಂದು ತಿಳಿಸುತ್ತಾರೆ. ಸಿವಿಲ್ ವಿದ್ಯಾರ್ಥಿಗೆ ಕಾಂಕ್ರೀಟಿನ ಐಎಸ್ 456 ಮಾನಕವನ್ನು ಯಾರದೋ ನೋಟ್ಸಿನಿಂದಲ್ಲ, ಮೂಲದಿಂದಲೇ ನೋಡಲು ಕಲಿಸುತ್ತಾರೆ. ಇದು ಸಣ್ಣ ಸಂಗತಿಯಲ್ಲ. ತಪ್ಪು ಅಂಕಿ ಹಿಡಿದು ಕಟ್ಟಿದ ತೊಲೆಯ ಕೆಳಗೆ ನಾಳೆ ಜನರು ವಾಸಿಸುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರಿಸುವ, ಕೆಲವೊಮ್ಮೆ ಇಲ್ಲದ ಲೇಖನಗಳನ್ನೂ ಇವೆಯೆಂದು ಹೇಳುವ ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಂತೂ ಮೂಲವನ್ನು ಪರಿಶೀಲಿಸುವ ಅಭ್ಯಾಸ ಅತ್ಯಗತ್ಯ.

ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ವಿಷಯ ಇನ್ನೂ ಗಂಭೀರ. ಅಂಧರಿಗೆ ಓದಬಲ್ಲ ರೂಪದಲ್ಲಿ ಪುಸ್ತಕ ಒದಗಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಾನೂನಿನಲ್ಲಿ ನಾವು ಮುಂದಿದ್ದೇವೆ. ಆದರೆ ಪುಟಗಳನ್ನು ಫೋಟೊ ತೆಗೆದಂತೆ ಸ್ಕ್ಯಾನ್ ಮಾಡಿಟ್ಟರೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಸಮೀಕರಣಗಳು, ಸರ್ಕ್ಯೂಟ್ ನಕ್ಷೆಗಳು ಕಿವಿಗೆ ತಲುಪುವುದೇ ಇಲ್ಲ. ಯಾರಾದರೂ ಕುಳಿತು ಅಕ್ಷರ ತಿದ್ದಬೇಕು, ನಕ್ಷೆಯನ್ನು ಮಾತಿನಲ್ಲಿ ವಿವರಿಸಬೇಕು. ಈ ಕೆಲಸಕ್ಕೆ ಯಂತ್ರ ನೆರವಾಗಬಹುದು. ಅದು ಸರಿಯಾಗಿದೆಯೇ ಎಂದು ನೋಡಲು ತರಬೇತಿ ಪಡೆದ ಮನುಷ್ಯನೇ ಬೇಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು ವೃತ್ತಿ ಆರಂಭಿಸಿದ್ದು 1917ರಲ್ಲಿ, ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿ. ಅವರು ಗ್ರಂಥಪಾಲಕರಾದದ್ದು 1924ರಲ್ಲಿ, ಮದರಾಸಿನಲ್ಲಿ. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳ ತಿರುಳು ಇಷ್ಟೇ: ಪುಸ್ತಕವನ್ನು ಕಾಪಾಡಿ ಇಡುವುದಕ್ಕಿಂತ ಅದು ಬೇಕಾದವನ ಕೈಸೇರುವುದು ಮುಖ್ಯ, ಮತ್ತು ಆ 'ಬೇಕಾದವನ' ಪಟ್ಟಿಯಿಂದ ಯಾರನ್ನೂ ಬಿಡುವಂತಿಲ್ಲ. ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಈ ಮಾತು ಹೊಳೆದದ್ದು ಆಶ್ಚರ್ಯವಲ್ಲ.

ಎಲ್ಲವೂ ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಗ್ರಂಥಪಾಲಕರು ಏಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮನೆಯಲ್ಲಿ ಪುಸ್ತಕ, ಇಂಟರ್ನೆಟ್, ಇಂಗ್ಲಿಷ್ ಎಲ್ಲವೂ ಇರುವ ಮಗುವಿಗೆ ಅವರಿಲ್ಲದಿದ್ದರೂ ನಡೆದೀತು. ಏನೂ ಇಲ್ಲದ ಮಗುವಿಗೆ ನಡೆಯದು. ಆದ್ದರಿಂದ ಗ್ರಂಥಪಾಲಕರ ಹುದ್ದೆಯನ್ನು ಖಾಲಿ ಬಿಡುವ ಆಡಳಿತ ಮಂಡಳಿ ಉಳಿಸುವ ಹಣವನ್ನು ತೆರುವವನು ಅತಿ ಬಡ ವಿದ್ಯಾರ್ಥಿಯೇ. ಧರ್ಮಸಭೆಯ ಕಾಲೇಜುಗಳನ್ನು ನಡೆಸುವ ನಮಗೂ ಈ ಮಾತು ಅನ್ವಯಿಸುತ್ತದೆ.

ಪ್ರಿಯ ಓದುಗರೇ, ನಿಮ್ಮ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಅರ್ಧ ಗಂಟೆ ಗ್ರಂಥಾಲಯದಲ್ಲಿ ಕುಳಿತುಕೊಳ್ಳಿ. ಗ್ರಂಥಪಾಲಕರನ್ನು ಮಾತನಾಡಿಸಿ. ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕಣ್ಣು ಕಾಣದ ವಿದ್ಯಾರ್ಥಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಆ ಉತ್ತರದಿಂದ ಕಾಲೇಜಿನ ಬಗ್ಗೆ ಬಹಳಷ್ಟು ತಿಳಿಯುತ್ತದೆ.