ಮರುಪ್ರಸಾರದ ದುಡ್ಡು ಯಾರದು?

2020ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಫೆಡರಲ್ ನ್ಯಾಯಾಲಯದಲ್ಲಿ ಒಂದು ದಾವೆ ದಾಖಲಾಯಿತು. ಫಿರ್ಯಾದಿಗಳ ಪೈಕಿ ಮೊದಲ ಹೆಸರು ಎಡ್ ಆಸ್ನರ್, ವಯಸ್ಸು 91. ಅವರು ಕೋರ್ಟಿಗೆಳೆದದ್ದು ತಮ್ಮದೇ ನಟರ ಸಂಘದ ಆರೋಗ್ಯ ನಿಧಿಯನ್ನು, ಅದನ್ನು ನಡೆಸುವ ಟ್ರಸ್ಟಿಗಳನ್ನು. 1981ರಿಂದ 1985ರವರೆಗೆ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡಿನ ಅಧ್ಯಕ್ಷರಾಗಿದ್ದ ಮನುಷ್ಯ, ಮೂವತ್ತೈದು ವರ್ಷದ ನಂತರ, ತಾನು ಬೆವರು ಸುರಿಸಿದ ಮನೆಯ ಬಾಗಿಲಿಗೇ ನೋಟಿಸು ಅಂಟಿಸಿದ್ದರು.

ಮರುವರ್ಷ ಆಗಸ್ಟ್ 29ರಂದು ಆಸ್ನರ್ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಮತ್ತೆ ಮತ್ತೆ ಕಂಡದ್ದು 1982ರ ಕಥೆ. ರಾಜಕೀಯ ಮಾತಾಡಿದರು, ಧಾರಾವಾಹಿ ಕಳೆದುಕೊಂಡರು ಎಂಬ ಕಥೆ. ಕಲಾವಿದರ ಸಂಘದವರು ಬಾಯಿ ಮುಚ್ಚಿಕೊಂಡಿದ್ದರೆ ಕ್ಷೇಮ ಎಂಬ ಬುದ್ಧಿವಾದಕ್ಕೆ ಅವರ ಬದುಕನ್ನು ಇವತ್ತಿಗೂ ಉದಾಹರಣೆ ಕೊಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಆಸ್ನರ್ ಅವರ ಬದುಕನ್ನು ಆ ಕಡೆಯ ದಾವೆಯಿಂದ ಹಿಂದಕ್ಕೆ ಓದಬೇಕು. ಹಾಗೆ ಓದಿದರೆ ಬೆಂಗಳೂರಿನ ಧಾರಾವಾಹಿ ಮನೆಗಳಲ್ಲಿ ದಿನವಿಡೀ ದುಡಿಯುವ ನಮ್ಮ ಪೋಷಕ ನಟ ನಟಿಯರಿಗೆ ಅದರಲ್ಲಿ ಬೇರೆಯದೇ ಪಾಠವಿದೆ.

ಅವರ ಮುಖ ಕನ್ನಡಿಗರಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಾರದು. ದನಿ ಗೊತ್ತಿದೆ: 2009ರ ‘ಅಪ್’ ಚಿತ್ರದಲ್ಲಿ ಬಲೂನು ಕಟ್ಟಿ ಮನೆಯನ್ನೇ ಹಾರಿಸಿಕೊಂಡು ಹೋದ ಸಿಡುಕು ಮೋರೆಯ ಅಜ್ಜನ ದನಿ ಅವರದು. ಹುಟ್ಟಿದ್ದು 1929ರಲ್ಲಿ, ಕ್ಯಾನ್ಸಾಸ್ ಸಿಟಿಯ ಯೆಹೂದಿ ಮನೆಯಲ್ಲಿ. ಅಪ್ಪ ಹಳೆ ಸಾಮಾನಿನ ವ್ಯಾಪಾರಿ. ಷಿಕಾಗೊ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು ಕಾರು ಕಾರ್ಖಾನೆಯಲ್ಲಿ ಜೋಡಣೆ ಕೆಲಸ ಮಾಡಿದರು, ಸೇನೆಯಲ್ಲಿದ್ದರು, ನ್ಯೂಯಾರ್ಕಿನಲ್ಲಿ ನಾಟಕವಾಡಿದರು, 1961ರಲ್ಲಿ ಲಾಸ್ ಏಂಜಲೀಸಿಗೆ ಬಂದರು. ದಪ್ಪ ದೇಹ, ಬಕ್ಕ ತಲೆ. ನಾಯಕನ ಪಾತ್ರ ತನ್ನನ್ನು ಹುಡುಕಿಕೊಂಡು ಬರುವುದಿಲ್ಲವೆಂದು ಗೊತ್ತಿದ್ದ ನಟ. ಸುಮಾರು ಹತ್ತು ವರ್ಷ ಪೊಲೀಸ್, ವಕೀಲ, ಗೂಂಡಾ ಹೀಗೆ ಸಿಕ್ಕಿದ್ದನ್ನು ಮಾಡಿದರು. 1970ರಲ್ಲಿ ‘ಮೇರಿ ಟೈಲರ್ ಮೂರ್ ಷೋ’ದ ಸುದ್ದಿಮನೆ ಮುಖ್ಯಸ್ಥ ಲೂ ಗ್ರ್ಯಾಂಟ್ ಪಾತ್ರ ಬಂತು. ಹಾಸ್ಯ ಧಾರಾವಾಹಿಯ ಆ ಪಾತ್ರವನ್ನೇ ಎತ್ತಿಕೊಂಡು 1977ರಲ್ಲಿ ಲಾಸ್ ಏಂಜಲೀಸಿನ ಕಾಲ್ಪನಿಕ ಪತ್ರಿಕೆಯೊಂದರ ಕಥೆಯಾಗಿ ‘ಲೂ ಗ್ರ್ಯಾಂಟ್’ ಎಂಬ ಗಂಭೀರ ಧಾರಾವಾಹಿ ಮಾಡಿದರು. ಒಂದೇ ಪಾತ್ರಕ್ಕೆ ಹಾಸ್ಯದಲ್ಲೂ ಗಂಭೀರದಲ್ಲೂ ಎಮ್ಮಿ ಪ್ರಶಸ್ತಿ. ಒಟ್ಟು ಏಳು ಎಮ್ಮಿ.

ಸಂಘದ ಅಧ್ಯಕ್ಷಗಿರಿಗೆ ಅವರು ಬಂದದ್ದು ಮುಷ್ಕರದ ಬೆನ್ನಿಗೆ. 1980ರ ಜುಲೈನಲ್ಲಿ ಹಾಲಿವುಡ್ಡಿನ ನಟರು ಕೆಲಸ ನಿಲ್ಲಿಸಿದ್ದರು. ವಿಡಿಯೊ ಕ್ಯಾಸೆಟ್ ಮತ್ತು ಹಣ ಕೊಟ್ಟು ನೋಡುವ ಟಿವಿ ಆಗಷ್ಟೇ ಬಂದಿದ್ದವು. ಅವುಗಳಿಂದ ಬರುವ ಆದಾಯದಲ್ಲಿ ನಟರಿಗೆ ಪಾಲಿಲ್ಲವೆಂದು ಕಂಪನಿಗಳು ಪಟ್ಟು ಹಿಡಿದಿದ್ದವು. ಆ ಸೆಪ್ಟೆಂಬರಿನ ಎಮ್ಮಿ ಸಮಾರಂಭಕ್ಕೆ ಪ್ರಶಸ್ತಿ ಗೆದ್ದ ನಟರಲ್ಲಿ ಬಂದದ್ದು ಒಬ್ಬರೇ, ಪವರ್ಸ್ ಬೂತ್. ಮುಷ್ಕರ ಮೂರು ತಿಂಗಳು ನಡೆಯಿತು. ಆಗಿನ ಅಧ್ಯಕ್ಷ ವಿಲಿಯಂ ಷಾಲರ್ಟ್.

ಷಾಲರ್ಟ್ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಲಾಸ್ ಏಂಜಲೀಸಿನಲ್ಲೇ 1922ರಲ್ಲಿ ಹುಟ್ಟಿ, 93 ವರ್ಷ ಬದುಕಿ, ಅಪ್ಪನಾಗಿ, ಮೇಷ್ಟರಾಗಿ, ಡಾಕ್ಟರಾಗಿ, ಮೇಯರಾಗಿ ನೂರಾರು ಪಾತ್ರ ಮಾಡಿದ ಅಪ್ಪಟ ಪೋಷಕ ನಟ. ‘ಎಲ್ಲೋ ನೋಡಿದ ಮುಖ, ಹೆಸರು ಗೊತ್ತಿಲ್ಲ’ ಅನ್ನುತ್ತೇವಲ್ಲ, ಆ ಜಾತಿ. ಅಂಗವಿಕಲ ಕಲಾವಿದರಿಗಾಗಿ ಸಂಘದಲ್ಲಿ ಸಮಿತಿ ಕಟ್ಟಿದವರು ಅವರು. ‘ಪ್ಯಾಟಿ ಡ್ಯೂಕ್ ಷೋ’ದಲ್ಲಿ ಅವರ ಮಗಳಾಗಿ ನಟಿಸಿದ ಪ್ಯಾಟಿ ಡ್ಯೂಕ್ 1985ರಲ್ಲಿ ಆಸ್ನರ್ ನಂತರ ಅದೇ ಅಧ್ಯಕ್ಷ ಕುರ್ಚಿಗೆ ಬಂದರು. 1980ರ ಒಪ್ಪಂದದಲ್ಲಿ ಷಾಲರ್ಟ್ ಕಡಿಮೆಗೆ ಒಪ್ಪಿಕೊಂಡರೆಂದು ಆಸ್ನರ್ ಕಿಡಿಕಾರಿದರು, ಮರುವರ್ಷ ಚುನಾವಣೆಗೆ ನಿಂತು ಅವರನ್ನು ಸೋಲಿಸಿದರು. ಆ ಟೀಕೆ ಅತಿಯಾಯಿತೆಂದು ನನಗನ್ನಿಸುತ್ತದೆ. ಹೊಸ ಮಾಧ್ಯಮದ ಆದಾಯದಲ್ಲಿ ನಟನಿಗೆ ಪಾಲಿದೆ ಎಂಬ ತತ್ವವನ್ನು ಕಂಪನಿಗಳ ಬಾಯಿಂದ ಒಪ್ಪಿಸಿದ್ದು ಸಣ್ಣ ಮಾತಲ್ಲ.

ಇನ್ನು 1982. ಫೆಬ್ರುವರಿ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಮೆಟ್ಟಿಲ ಮೇಲೆ ನಿಂತು ಆಸ್ನರ್ ಮತ್ತು ಕೆಲ ಗೆಳೆಯರು ಎಲ್ ಸಾಲ್ವಡಾರಿನ ಜನರ ಔಷಧೋಪಚಾರಕ್ಕೆ 25,000 ಡಾಲರ್ ಕೊಡುವುದಾಗಿ ಘೋಷಿಸಿದರು. ಅಲ್ಲಿನ ಸೇನಾ ಆಡಳಿತಕ್ಕೆ ರೇಗನ್ ಸರ್ಕಾರ ಶಸ್ತ್ರಾಸ್ತ್ರ ಕೊಡುತ್ತಿದ್ದ ಕಾಲ. ಕೊಲೆ ಬೆದರಿಕೆಗಳು ಬಂದವು, ಜಾಹೀರಾತುದಾರರು ಹಿಂದೆ ಸರಿದರು, ಸಂಘದೊಳಗೆ ಚಾರ್ಲ್‌ಟನ್ ಹೆಸ್ಟನ್ ನೇತೃತ್ವದಲ್ಲಿ ವಿರೋಧ ಎದ್ದಿತು. ಮೇ ತಿಂಗಳಲ್ಲಿ ಸಿಬಿಎಸ್ ವಾಹಿನಿ ‘ಲೂ ಗ್ರ್ಯಾಂಟ್’ ನಿಲ್ಲಿಸಿತು. ರೇಟಿಂಗ್ ಬಿದ್ದಿತ್ತೆಂದು ವಾಹಿನಿ ಹೇಳಿತು. ರೇಟಿಂಗ್ ಇಳಿದದ್ದು ನಿಜವೇ. ಕಾರಣ ಅದೊಂದೇ ಎಂದು ಆಸ್ನರ್ ಸಾಯುವವರೆಗೂ ನಂಬಲಿಲ್ಲ.

ಸಂಘದ ಅಧ್ಯಕ್ಷ ತನ್ನ ಹುದ್ದೆಯನ್ನೂ ತನ್ನ ಮಾತನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕಿತ್ತು ಎಂಬ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ತಾನು ಒಬ್ಬ ಪ್ರಜೆಯಾಗಿ ಮಾತಾಡಿದೆ ಎಂದು ಆಸ್ನರ್ ಹೇಳಿದರೂ ಕೇಳಿದವರಿಗೆ ಆ ಗೆರೆ ಕಾಣಿಸಲಿಲ್ಲ. ಆದರೆ ಸಂಘಕ್ಕೆ ರಾಜಕೀಯ ತಂದವರು ಅವರೇ ಮೊದಲಿಗರೆಂಬುದು ಅಪ್ಪಟ ಸುಳ್ಳು. 1947ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸದೀಯ ಸಮಿತಿಯ ಮುಂದೆ ಸಾಕ್ಷಿ ಹೇಳಿದ್ದು ಅದೇ ಗಿಲ್ಡಿನ ಆಗಿನ ಅಧ್ಯಕ್ಷ, ರೊನಾಲ್ಡ್ ರೇಗನ್. ಅದು ದೇಶಸೇವೆ, ಇದು ರಾಜಕೀಯ ಎಂದರೆ ಒಪ್ಪುವುದು ಹೇಗೆ? ಅಷ್ಟು ಗದ್ದಲದ ಮೇಲೂ 1983ರಲ್ಲಿ ಸದಸ್ಯರು ಆಸ್ನರ್ ಅವರನ್ನೇ ಮರುಆಯ್ಕೆ ಮಾಡಿದರು. ಈ ವಿಷಯ ಆ ಬುದ್ಧಿವಾದದಲ್ಲಿ ಬರುವುದೇ ಇಲ್ಲ.

ಈಗ ಆ ಕಡೆಯ ದಾವೆಗೆ ಬರುತ್ತೇನೆ. ಅಮೆರಿಕದ ನಟನಿಗೆ ಧಾರಾವಾಹಿ ಮರುಪ್ರಸಾರವಾದಾಗ ಸ್ವಲ್ಪ ಹಣ ಬರುತ್ತದೆ. 1950ರ ದಶಕದ ಆರಂಭದಲ್ಲಿ ಟಿವಿಯ ಕೆಲವೇ ಮರುಪ್ರಸಾರಗಳಿಗೆಂದು ಶುರುವಾದ ಈ ಹಕ್ಕು, 1960ರ ಮುಷ್ಕರದಲ್ಲಿ ಟಿವಿಗೆ ಮಾರಿದ ಸಿನಿಮಾಗಳಿಗೂ ಹಬ್ಬಿತು. ಆ ಮುಷ್ಕರ ನಡೆಸಿದ್ದು ಇದೇ ರೇಗನ್, ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. 1974ರಿಂದ ಟಿವಿ ಮರುಪ್ರಸಾರಕ್ಕೆ ಕಾಲಮಿತಿಯೇ ಇಲ್ಲವಾಯಿತು. ನಾಯಕನಟರು ತಮ್ಮ ಒಪ್ಪಂದವನ್ನು ತಾವೇ ಮಾತಾಡಿಕೊಳ್ಳಬಲ್ಲರು. ನಾಲ್ಕು ದಿನ ನ್ಯಾಯಾಧೀಶನ ಪಾತ್ರ ಮಾಡಿದವನ ಬೆನ್ನಿಗೆ ಇರುವುದು ಸಂಘ ಬರೆಸಿದ ಆ ಸಾಲು ಮಾತ್ರ. ವಯಸ್ಸಾಗಿ ಕೆಲಸ ಕಡಿಮೆಯಾದಾಗ ಈ ಚಿಲ್ಲರೆ ಚೆಕ್ಕುಗಳೇ ಲೆಕ್ಕಕ್ಕೆ ಬಂದು ಆರೋಗ್ಯ ವಿಮೆ ಉಳಿಯುತ್ತಿತ್ತು.

2020ರ ಆಗಸ್ಟಿನಲ್ಲಿ ಆರೋಗ್ಯ ನಿಧಿಯ ಟ್ರಸ್ಟಿಗಳು ನಿಯಮ ಬದಲಿಸಿದರು. ವಿಮೆಗೆ ಬೇಕಾದ ವಾರ್ಷಿಕ ಗಳಿಕೆ 18,040 ಡಾಲರಿನಿಂದ 25,950 ಡಾಲರಿಗೆ ಏರಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: 65 ದಾಟಿ ಪಿಂಚಣಿ ಪಡೆಯುವವರ ಮರುಪ್ರಸಾರದ ಹಣ ಇನ್ನು ಲೆಕ್ಕಕ್ಕಿಲ್ಲ. ಆ ವರ್ಷವೇ 14.1 ಕೋಟಿ ಡಾಲರ್ ಕೊರತೆಯ ಅಂದಾಜು ಅವರ ಮುಂದಿತ್ತು, ಕೋವಿಡ್ಡಿನಿಂದ ಚಿತ್ರೀಕರಣ ನಿಂತಿತ್ತು, ಕೆಲವರಿಗೆ ಬೇರೆ ವಿಮೆ ಕೊಳ್ಳಲು ಒಂದಿಷ್ಟು ಹಣವನ್ನೂ ಕೊಟ್ಟರು. ಎಲ್ಲವನ್ನೂ ಒಪ್ಪೋಣ. ಆದರೆ ಕೊರತೆ ತುಂಬಿಸಲು ಕೈಹಾಕಿದ್ದು ಯಾರ ಜೇಬಿಗೆ? ಸಾಂಕ್ರಾಮಿಕದ ನಡುವೆ, ಸೆಟ್ಟಿಗೆ ಹೋದರೆ ಜೀವಕ್ಕೇ ಅಪಾಯವಿದ್ದ ಮುದುಕರ ಜೇಬಿಗೆ. ಮುಷ್ಕರಗಳಲ್ಲಿ ನಿಂತು ಆ ಹಣ ಗಳಿಸಿಕೊಟ್ಟವರೇ ಅವರು. ಅವರ ಪರವಾಗಿ ಆಸ್ನರ್ ಕೋರ್ಟಿಗೆ ಹೋದರು. 2023ರಲ್ಲಿ 1.5 ಕೋಟಿ ಡಾಲರಿನ ರಾಜಿಯಾಯಿತು. ಅದನ್ನು ನೋಡಲು ಆಸ್ನರ್ ಇರಲಿಲ್ಲ.

ಅದೇ 2023ರ ಜುಲೈ 14ರಂದು ನಟರು ಮತ್ತೆ ಮುಷ್ಕರ ಹೂಡಿದರು. ನಾನಿರುವ ಸ್ಯಾನ್ ಡಿಯಾಗೊದಲ್ಲಿ ಮರುವಾರವೇ ಕಾಮಿಕ್-ಕಾನ್ ಜಾತ್ರೆ. ಪ್ರತಿವರ್ಷ ತಾರೆಯರನ್ನು ನೋಡಲೆಂದು ಜನ ಹಿಂದಿನ ರಾತ್ರಿಯೇ ಸಾಲು ಹಿಡಿದು ಮಲಗುವ ಆ ಸಭಾಂಗಣಗಳಿಗೆ ಈ ಸಲ ಹಾಲಿವುಡ್ ತಾರೆಯರು ಪ್ರಚಾರಕ್ಕೆ ಬರಲಿಲ್ಲ. ಉತ್ತರಕ್ಕೆ ಎರಡು ಮೂರು ಗಂಟೆಯ ದಾರಿಯಲ್ಲಿ, ಲಾಸ್ ಏಂಜಲೀಸಿನ ಸ್ಟುಡಿಯೊಗಳ ಗೇಟಿನಲ್ಲಿ, ನಟರು ಬಿಸಿಲಲ್ಲಿ ಫಲಕ ಹಿಡಿದು ಸುತ್ತುತ್ತಿದ್ದರು. ಸಂಘದ ಒಂದು ಲಕ್ಷ ಅರವತ್ತು ಸಾವಿರ ಸದಸ್ಯರಲ್ಲಿ ವಿಮೆಗೆ ಬೇಕಾದ 26,470 ಡಾಲರನ್ನು ವರ್ಷಕ್ಕೆ ಗಳಿಸುವವರು ನೂರಕ್ಕೆ ಹದಿನಾಲ್ಕು ಮಂದಿಯಷ್ಟೇ ಎಂದು ಸಂಘದ ಮುಖಂಡರೇ ಹೇಳುತ್ತಿದ್ದರು. 118 ದಿನದ ಮೇಲೆ ಓಟಿಟಿಯಲ್ಲಿ ಗೆದ್ದ ಕಾರ್ಯಕ್ರಮಗಳಿಗೆ ಹೆಚ್ಚುವರಿ ಹಣ ಕೊಡುವ ಒಪ್ಪಂದವಾಯಿತು. ದೊಡ್ಡ ತಾರೆಯರು ಆ ಜಾತ್ರೆಗೆ ಬಾರದೆ ಉಳಿದದ್ದು ಉಳಿದ ಎಂಬತ್ತಾರು ಮಂದಿಗೋಸ್ಕರವೂ ಹೌದು.

ನಮ್ಮ ಕಡೆ ತಿರುಗೋಣ. ಕನ್ನಡ ಧಾರಾವಾಹಿಯ ಅತ್ತೆ, ಚಿಕ್ಕಪ್ಪ, ಮನೆಕೆಲಸದವಳು, ಇನ್ಸ್‌ಪೆಕ್ಟರ್ ಪಾತ್ರದವರಿಗೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಸಂಭಾವನೆ. ಅದು ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಅದೇ ಎಪಿಸೋಡ್ ಮರುದಿನ ಮಧ್ಯಾಹ್ನ ಮತ್ತೆ ಬರುತ್ತದೆ, ಓಟಿಟಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಬೇರೆ ಭಾಷೆಗೆ ಡಬ್ ಆಗಿ ಮಾರಾಟವಾಗುತ್ತದೆ. ನಟನಿಗೆ ಮೊದಲ ದಿನದ ಕೂಲಿಯೇ ಕೊನೆಯ ಕೂಲಿ. ಜೋರಾಗಿ ಕೇಳಿದವರ ಗತಿ ಎಲ್ಲ ವೀಕ್ಷಕರಿಗೂ ಗೊತ್ತು: ಪಾತ್ರ ಅಪಘಾತದಲ್ಲಿ ಸಾಯುತ್ತದೆ, ಇಲ್ಲವೇ ಒಂದು ಸಂಜೆ ‘ಈ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸಲಿದ್ದಾರೆ’ ಎಂದು ಪರದೆಯ ಕೆಳಗೆ ಸಾಲೊಂದು ಬರುತ್ತದೆ. ಅಷ್ಟು ಎಮ್ಮಿ ಗೆದ್ದ ಆಸ್ನರ್ ಅವರ ಧಾರಾವಾಹಿಯೇ ನಿಂತುಹೋಗಬಹುದಾದರೆ ಒಂಟಿಯಾಗಿ ಕೇಳುವ ಪೋಷಕ ನಟಿಯ ಪಾಡೇನು? ಒಬ್ಬಳು ಕೇಳಬಾರದು, ಸಂಘ ಕೇಳಬೇಕು.

ನಮ್ಮ ಸಂಘಗಳಿಗೆ ಬಲವಿಲ್ಲ ಎನ್ನಬೇಡಿ. ಡಬ್ಬಿಂಗ್ ತಡೆಯಲು ಅವು ದಶಕಗಳ ಕಾಲ ಒಗ್ಗಟ್ಟಾಗಿ ನಿಂತವು. 2012ರಲ್ಲಿ ‘ಸತ್ಯಮೇವ ಜಯತೇ’ ಕನ್ನಡಕ್ಕೆ ಡಬ್ ಆಗಿ ಬಾರದಂತೆ ನೋಡಿಕೊಂಡವು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿತು, ಗೋಡೆ ಬಿದ್ದದ್ದು ಅದರ ನಂತರವೇ. ಕಲಾವಿದರ ಹೊಟ್ಟೆಪಾಡಿನ ಹೆಸರಲ್ಲೇ ಆ ಹೋರಾಟ ನಡೆದದ್ದು. ಅದರ ಕಾಲುಭಾಗ ಶಕ್ತಿಯನ್ನು ಮರುಪ್ರಸಾರದ ಪಾಲಿಗೆ ಹಾಕಿದ್ದರೆ ಇವತ್ತು ಡಬ್ ಆಗುವ ಪ್ರತಿ ಕನ್ನಡ ಧಾರಾವಾಹಿಯಿಂದ ನಮ್ಮವರ ಖಾತೆಗೆ ಹಣ ಬೀಳುತ್ತಿತ್ತು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಕಾನೂನಿನ ಆಸರೆಯೂ ಇದೆ. 2012ರ ಜೂನ್ 21ರಂದು ಜಾರಿಗೆ ಬಂದ ಕೃತಿಸ್ವಾಮ್ಯ ತಿದ್ದುಪಡಿಯ 38ಎ ಸೆಕ್ಷನ್, ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದಾಗ ಕಲಾವಿದನಿಗೆ ರಾಯಲ್ಟಿ ಸಲ್ಲಬೇಕೆನ್ನುತ್ತದೆ. ಗಾಯಕರು ಅದನ್ನೇ ಹಿಡಿದು 2013ರಲ್ಲಿ ಸಂಘ ಕಟ್ಟಿ ವಸೂಲಿಗೆ ಇಳಿದರು. ಧಾರಾವಾಹಿ ನಟನಿಗೆ ಅದು ಎಷ್ಟರಮಟ್ಟಿಗೆ ಅನ್ವಯ ಎಂಬ ವಾದವಿದ್ದರೆ ಅದು ಕೋರ್ಟಿನಲ್ಲಿ ನಡೆಯಲಿ. ವಾದಿಸುವವರೇ ಇಲ್ಲದೆ ಸೋಲುವುದು ಬೇಡ. ಇನ್ನೊಂದು ಮಾತು: ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲದ ಸಣ್ಣ ಪಾತ್ರದವರನ್ನು ಈ ಕಾಯ್ದೆ ಬಹುಪಾಲು ಹೊರಗಿಡುತ್ತದೆ. ಹಾಗಾಗಿ ಹೆಸರು ಹಾಕಿಸುವುದೇ ಸಂಘದ ಮೊದಲ ಕೆಲಸ.

ಕನ್ನಡದ ಮಾರುಕಟ್ಟೆ ಸಣ್ಣದು, ಹಾಲಿವುಡ್ ಜೊತೆ ಹೋಲಿಸಬೇಡಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳುತ್ತಿರುವುದು ಪಾಲು. ಮಾರಾಟವಾಗದಿದ್ದರೆ ಕೊಡಬೇಕಾದ್ದು ಸೊನ್ನೆ. ಸಣ್ಣ ಮಾರುಕಟ್ಟೆಗೆ ಸಣ್ಣ ಪಾಲು ಬರಲಿ.

2021ರ ಲಾಕ್‌ಡೌನಿನಲ್ಲಿ ನಟ ಯಶ್ ಮೂರು ಸಾವಿರಕ್ಕೂ ಹೆಚ್ಚು ಚಿತ್ರಕಾರ್ಮಿಕರ ಖಾತೆಗೆ ತಲಾ ಐದು ಸಾವಿರ ರೂಪಾಯಿ ಹಾಕಿದರು. ದೊಡ್ಡ ಮನಸ್ಸಿನ ಕೆಲಸ, ಕೈಮುಗಿಯುತ್ತೇನೆ. ಆದರೆ ಮೂವತ್ತು ವರ್ಷ ಬಣ್ಣ ಹಚ್ಚಿದ ನಟಿಯೊಬ್ಬಳು ಡಯಾಲಿಸಿಸ್‌ಗೆ ದುಡ್ಡಿಲ್ಲವೆಂದು ವಿಡಿಯೊ ಮಾಡಿ ಬೇಡಿಕೊಳ್ಳುವಾಗ, ಅವಳ ಹಳೇ ಧಾರಾವಾಹಿ ಅದೇ ಹೊತ್ತಿಗೆ ಯಾವುದೋ ಆ್ಯಪಿನಲ್ಲಿ ಓಡುತ್ತಿರಬಹುದಲ್ಲ? ಅವಳು ಬೇಡಬೇಕಿಲ್ಲ, ಅವಳದೇ ದುಡ್ಡು ಅಲ್ಲಿದೆ.

2024ರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ಟಿಕೆಟ್ಟಿನ ಮೇಲೂ ಓಟಿಟಿ ಚಂದಾದ ಮೇಲೂ ಶೇ 1ರಿಂದ 2ರಷ್ಟು ಸೆಸ್‌ಗೆ ಅವಕಾಶ ಕೊಟ್ಟಿದೆ, ಒಂದು ಮಂಡಳಿಯನ್ನೂ ರಚಿಸುತ್ತದೆ. ಆ ಮಂಡಳಿಯಲ್ಲಿ ದಿನದ ಲೆಕ್ಕದಲ್ಲಿ ದುಡಿಯುವ ಪೋಷಕ ನಟಿಯೊಬ್ಬಳಿಗೆ ಕುರ್ಚಿ ಇರಬೇಕು. ಅಲ್ಲಿಂದಾಚೆಗೆ ಟೆಲಿವಿಷನ್ ಸಂಘ, ಕಲಾವಿದರ ಸಂಘ, ಚಾನೆಲ್ಲುಗಳು ಒಂದೇ ಮೇಜಿಗೆ ಕುಳಿತು ಮುಂದಿನ ಧಾರಾವಾಹಿಯ ಒಪ್ಪಂದ ಪತ್ರಕ್ಕೆ ಮೂರು ಸಾಲು ಸೇರಿಸಲಿ: ಮರುಪ್ರಸಾರಕ್ಕೆ ಇಷ್ಟು, ಓಟಿಟಿಗೆ ಇಷ್ಟು, ಡಬ್ ಮಾಡಿ ಮಾರಿದರೆ ಇಷ್ಟು.