ಕೂರುವುದನ್ನೂ ಕಳೆದುಕೊಳ್ಳಬೇಕೇ?

ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲಿನ ಸ್ವಾಧೀನ ತಪ್ಪಿದವರಿಗೆ ಕೂರುವುದೇ ಬದುಕು. ಗಾಲಿಕುರ್ಚಿಯಲ್ಲಿ ಕೂರಲು ಬಂದರೆ ದುಡಿಮೆ ಉಂಟು, ಅಂಗಳ ಉಂಟು, ನಾಲ್ಕು ಜನರ ಮಾತುಂಟು. ಆದರೆ ಪೆಟ್ಟಾದ ಕೆಲವೇ ತಿಂಗಳಲ್ಲಿ ಅವರಲ್ಲಿ ಹಲವರಿಗೆ ಸೊಂಟದ ಕೀಲಿನ ಸುತ್ತಲ ಮಾಂಸದೊಳಗೆ ಮೂಳೆ ಬೆಳೆಯತೊಡಗುತ್ತದೆ. ತೊಡೆ ಮಡಚಲು ಬರುವುದಿಲ್ಲ. ಕುರ್ಚಿ ಮೂಲೆ ಸೇರುತ್ತದೆ, ಮಲಗಿದಲ್ಲೇ ಮೈ ಹುಣ್ಣಾಗುತ್ತದೆ.

ಮೊದಲ ಮಹಾಯುದ್ಧದ ಗಾಯಾಳು ಸೈನಿಕರಲ್ಲಿ ಇದನ್ನು ಕಂಡ ಫ್ರಾನ್ಸಿನ ವೈದ್ಯೆ ಆಗಸ್ಟಾ ಡೆಜೆರಿನ್-ಕ್ಲುಂಪ್ಕೆ 1918ರಲ್ಲೇ ಸಹೋದ್ಯೋಗಿಯೊಂದಿಗೆ ಬರೆದಿಟ್ಟರು. ಶತಮಾನ ಕಳೆದರೂ ನಮ್ಮ ಕೈಯಲ್ಲಿರುವುದು ಇಂಡೊಮೆಥಾಸಿನ್‌ನಂಥ ಮಾತ್ರೆ, ವಿಕಿರಣ, ಕೊನೆಗೆ ವಿಪರೀತ ರಕ್ತ ಹರಿಯುವ ಶಸ್ತ್ರಚಿಕಿತ್ಸೆ. ನಡೆಯದ ಕಾಲಿಗೆ ಇಷ್ಟು ಸಾಕು ಎಂದುಕೊಂಡೆವೇ?

ಈಗ ದಾರಿ ಕಾಣುತ್ತಿದೆ. ಬೆನ್ನುಹುರಿಯ ಜೊತೆಗೆ ಸ್ನಾಯುವಿಗೂ ಗಾಯವಾದ ಇಲಿಗಳಲ್ಲಿ, ಗಾಯಕ್ಕೆ ಧಾವಿಸುವ ರಕ್ಷಕ ಕೋಶಗಳೇ ಆಂಕೊಸ್ಟ್ಯಾಟಿನ್ ಎಂ ಎಂಬ ಪ್ರೋಟೀನ್ ಸುರಿಸಿ ಮೂಳೆ ಕಟ್ಟಲು ಪ್ರಚೋದಿಸುವುದನ್ನು ಆಸ್ಟ್ರೇಲಿಯ ಮತ್ತು ಫ್ರಾನ್ಸಿನ ಸಂಶೋಧಕರು ತೋರಿಸಿದರು. ಆ ಪ್ರೋಟೀನಿನ ಸಂದೇಶವನ್ನು ತಡೆಯುವ ರುಕ್ಸೊಲಿಟಿನಿಬ್ ಎಂಬ ಔಷಧವನ್ನು ಇಲಿಗಳಿಗೆ ಕೊಟ್ಟಾಗ ಮೂಳೆ ಕಡಿಮೆ ಬೆಳೆಯಿತೆಂದು 2019ರಲ್ಲಿ ವರದಿಯಾಯಿತು. ಇದು ಮಜ್ಜೆಯ ಕಾಯಿಲೆಗೆ 2011ರಿಂದಲೂ ಬಳಕೆಯಲ್ಲಿರುವ ಔಷಧ! ಹಾಗೆಂದು ನಾಳೆಯೇ ಕೊಡಿ ಎನ್ನಲಾರೆ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಮೂತ್ರದ ಸೋಂಕು, ಹಾಸಿಗೆ ಹುಣ್ಣುಗಳೊಂದಿಗೆ ಹೆಣಗುವವರಿಗೆ ಅದು ದೊಡ್ಡ ಅಪಾಯ. ಆದ್ದರಿಂದಲೇ ಮನುಷ್ಯರಲ್ಲಿ ಎಚ್ಚರದ, ಪ್ರಾಮಾಣಿಕ ಪರೀಕ್ಷೆ ಬೇಕು. ಹುಟ್ಟಿನಿಂದಲೇ ಬರುವ, ಮಾಂಸ ಮೂಳೆಯಾಗುವ ಅತಿ ಅಪರೂಪದ ಕಾಯಿಲೆಗೆ 2023ರಲ್ಲಿ ಅಮೆರಿಕ ಪಾಲೊವರೊಟಿನ್ ಎಂಬ ಔಷಧವನ್ನು ಒಪ್ಪಿತು. ಹಟ ಹಿಡಿದರೆ ಆಗುತ್ತದೆ.

ಅಡಕೆ ಮರದಿಂದ, ಕಟ್ಟಡದ ಸಾರುವೆಯಿಂದ ಬಿದ್ದ ನಮ್ಮವರು ಆ ಪರೀಕ್ಷೆಗಳ ಲೆಕ್ಕದಲ್ಲಿ ಇರಬೇಡವೇ? ವಿಜ್ಞಾನಿಗಳೇ, ಸರ್ಕಾರದವರೇ, ಅವರನ್ನು ಹೊರಗಿಡಬೇಡಿ.

ವೈದ್ಯರೇ, ಹೊಸ ಔಷಧ ಬರುವವರೆಗೂ ಕೈಕಟ್ಟಿ ಕೂರಬೇಡಿ. ಮೊದಲ ತಿಂಗಳುಗಳಲ್ಲಿ ತೊಡೆ ಊದಿ ಬಿಸಿಯಾದರೆ, ಸಣ್ಣ ಜ್ವರ ಬಂದರೆ, ರಕ್ತ ಹೆಪ್ಪುಗಟ್ಟಿದೆಯೇ, ಸೋಂಕೇ ಎಂದು ಮೊದಲು ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆರಂಭದ ಎಕ್ಸ್‌ರೇಯಲ್ಲಿ ಈ ಮೂಳೆ ಕಾಣದಿರಬಹುದು, ಸ್ಕ್ಯಾನ್ ಮಾಡಿಸಿ. ಮನೆಯವರೇ, ಬಿಗಿದ ಕೀಲನ್ನು ಬಲವಂತವಾಗಿ ಎಳೆಯಬೇಡಿ, ನಾಟಿ ಮಾಲೀಷಿಗೆ ಒಪ್ಪಿಸಬೇಡಿ. ಗಾಯಾಳುವಿಗೆ ಅಲ್ಲಿ ನೋವು ಗೊತ್ತಾಗದಿರಬಹುದು. ದಿನಾ ಮುಟ್ಟಿ ನೋಡಿ, ಊತ ಕಂಡ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.