ಒಂದೇ ಉರಿ, ಮೂರು ಡಬ್ಬಿ

ನಿಮ್ಮ ಮನೆಯ ಕುಕ್ಕರಿನೊಡನೆ ಬಂದ ಒಳಡಬ್ಬಿಗಳು ಈಗ ಎಲ್ಲಿವೆ? ಒಮ್ಮೆ ಎದ್ದುಹೋಗಿ ನೋಡಿ. ಒಂದರಲ್ಲಿ ಹುಣಸೆಹಣ್ಣು ಇರಬಹುದು. ಇನ್ನೊಂದರಲ್ಲಿ ಸೂಜಿ, ದಾರ, ಬಿಡಿ ಗುಂಡಿಗಳು. ಮೂರನೆಯದು ಅಟ್ಟ ಸೇರಿ ವರ್ಷಗಳಾಗಿರಬಹುದು. ಹಾಗೆಯೇ ಒಲೆಯ ಕಡೆಗೂ ಕಣ್ಣು ಹಾಯಿಸಿ. ಒಂದು ಬರ್ನರಿನ ಮೇಲೆ ಕುಕ್ಕರು ಬೇಳೆಯೊಂದನ್ನೇ ಹೊತ್ತು ಕೂಗುತ್ತಿದೆ. ಪಕ್ಕದಲ್ಲಿ ಮುಚ್ಚಳವಿಲ್ಲದ ಪಾತ್ರೆಯಲ್ಲಿ ಆಲೂಗಡ್ಡೆ ಕುದಿಯುತ್ತಿದೆ. ಅಕ್ಕಿ ತನ್ನ ಸರದಿಗಾಗಿ ಕಾದಿದೆ. ಒಂದು ಉರಿಯಲ್ಲಿ ಮುಗಿಯಬಹುದಾದ ಕೆಲಸಕ್ಕೆ ಮೂರು ಉರಿ! ಇದಕ್ಕೆ ನಾವು ಸುಧಾರಿಸಿದ ಅಡುಗೆಮನೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಒಂದೇ ಉರಿಯಲ್ಲಿ ಹಲವು ಪದಾರ್ಥ ಬೇಯಿಸುವುದು ಇಂದು ನಿನ್ನೆಯ ವಿದ್ಯೆಯಲ್ಲ. 1910ರಲ್ಲಿಯೇ ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕರು ‘ಇಕ್ಮಿಕ್ ಕುಕ್ಕರ್’ ಎಂಬ ಸಾಧನವನ್ನು ಕಂಡುಹಿಡಿದರು. ಊಟದ ಕ್ಯಾರಿಯರಿನಂತೆ ಒಂದರ ಮೇಲೊಂದು ಕೂರುವ ಡಬ್ಬಿಗಳು, ಅವನ್ನು ಸುತ್ತುವರಿದ ದೊಡ್ಡ ಪಾತ್ರೆ, ತಳದಲ್ಲಿ ಒಂದಿಷ್ಟು ಇದ್ದಿಲ ಕೆಂಡ. ಅನ್ನ, ಬೇಳೆ, ತರಕಾರಿ ಎಲ್ಲವೂ ಒಂದೇ ಹಬೆಯಲ್ಲಿ ಬೆಂದು ಬರುತ್ತಿದ್ದವು. ನಮ್ಮ ನಾಡನ್ನೇ ನೋಡಿ. ಹಳ್ಳಿಯ ಮಣ್ಣಿನ ಒಲೆಗೆ ಪಕ್ಕದಲ್ಲೊಂದು ಕೋಡೊಲೆ ಇರುತ್ತಿತ್ತು. ಮುಂದಿನ ಉರಿಯಲ್ಲಿ ಅನ್ನ, ದಾಟಿ ಬಂದ ಬಿಸಿಯಲ್ಲಿ ಸಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಹೊರಬಂದ ‘ಅಸ್ತ್ರ ಒಲೆ’ಯೂ ಒಂದು ಬೆಂಕಿಗೆ ಮೂರು ಪಾತ್ರೆ ಕೂರಿಸುವ ಒಲೆಯೇ. ಸೌದೆ ಹೊತ್ತು ತರುವ ಹೆಂಗಸಿನ ಬೆನ್ನಿನ ಭಾರ ಇಳಿಯಲಿ ಎಂಬುದು ಅದರ ಹಿಂದಿನ ಕಾಳಜಿ.

ಇನ್ನು ಮುಂಬಯಿಯ ನಾವು! ಚಾಳಿನ ಒಂದೇ ಕೋಣೆಯಲ್ಲಿ, ಒಂದೇ ಬತ್ತಿ ಸ್ಟವ್ವಿನ ಮೇಲೆ ಇಡೀ ಸಂಸಾರಕ್ಕೆ ಅಡುಗೆ ಮಾಡಿದ ತಾಯಂದಿರ ಮಕ್ಕಳು ನಾವು. ರೇಷನ್ನಿನ ಸೀಮೆಎಣ್ಣೆಯನ್ನು ಅಳೆದು ಉರಿಸಿದ ಆ ಕೈಗಳಿಗೆ ಉಳಿತಾಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಿಲಿಂಡರು ಬಂತು, ಆಮೇಲೆ ಕೊಳವೆಯ ಗ್ಯಾಸೂ ಬಂತು. ನಡುವೆ ಮುಗಿದುಹೋಗುವ ಭಯ ತಪ್ಪಿತು; ಭಯದೊಡನೆ ಎಚ್ಚರವೂ ಹೋಯಿತು.

ಕೆಲವರು ಹೇಳುವುದುಂಟು: “ಇದೆಲ್ಲ ಚಿಲ್ಲರೆ ಲೆಕ್ಕ, ಇದರಿಂದ ಎಷ್ಟು ಉಳಿದೀತು?” ಲೆಕ್ಕವನ್ನೇ ನೋಡೋಣ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ 100 ಡಿಗ್ರಿಗೆ ತರಲು ಬೇಕಾದ ಶಾಖ 70 ಕಿಲೋಕ್ಯಾಲೊರಿ. ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕಾದದ್ದು ಮತ್ತೆ ಸುಮಾರು 540. ಎಂದರೆ, ತೆರೆದ ಪಾತ್ರೆಯಿಂದ ಏಳುವ ಆವಿಯಲ್ಲಿ ನಮ್ಮ ಹಣ ಕಿಟಕಿಯಿಂದ ಹೊರಗೆ ಹೋಗುತ್ತಿದೆ. ಒಮ್ಮೆ ಕುದಿ ಬಂದ ಮೇಲೆ ಉರಿಯನ್ನು ಎಷ್ಟು ದೊಡ್ಡದು ಮಾಡಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟದು; ಆಲೂಗಡ್ಡೆ ಒಂದು ನಿಮಿಷವೂ ಬೇಗ ಬೇಯದು. ಕುಕ್ಕರಿನೊಳಗೆ ಒತ್ತಡದಿಂದಾಗಿ ಬಿಸಿ ಸುಮಾರು 120 ಡಿಗ್ರಿಗೆ ಏರುತ್ತದೆ. ಆ ಹಬೆಗೆ ಮೇಲಿನ ಡಬ್ಬಿ, ಕೆಳಗಿನ ಡಬ್ಬಿ ಎಂಬ ಭೇದವಿಲ್ಲ. ಒತ್ತಡ ಏರಿದ ಮೇಲೆ ಸಣ್ಣ ಉರಿ ಸಾಕು. ಉರಿ ಆರಿಸಿದ ಮೇಲೂ ಒಳಗೆ ಬೇಯುವುದು ನಡೆದೇ ಇರುತ್ತದೆ. ಆ ಬಿಸಿ ಕುಕ್ಕರನ್ನು ನಲ್ಲಿಯ ಕೆಳಗೆ ಹಿಡಿಯುವವರು ದುಡ್ಡು ಕೊಟ್ಟು ಕೊಂಡ ಶಾಖವನ್ನು ಮೋರಿಗೆ ಸುರಿಯುತ್ತಾರೆ. ನಮ್ಮ ದೇಶ ಉರಿಸುವ ಸಿಲಿಂಡರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶದಿಂದ ಬರುವಂಥದ್ದು. ಹೀಗಿರುವಾಗ ಇದು ಚಿಲ್ಲರೆ ಲೆಕ್ಕವೆ?

ಎರಡನೆಯ ಆಕ್ಷೇಪ ರುಚಿಯದು. “ಕುಕ್ಕರಿನ ಅನ್ನ ಅನ್ನವೇ ಅಲ್ಲ” ಎನ್ನುವ ರಸಿಕರು ನಮ್ಮಲ್ಲಿ ಬಹಳ. ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿ ಗಂಜಿ ಬಸಿಯಬೇಕೆಂದರೆ ನಾವು ಒಪ್ಪುತ್ತೇವೆ. ಸೊಪ್ಪನ್ನು ಬೇಳೆಯಷ್ಟೇ ಹೊತ್ತು ಹಬೆಯಲ್ಲಿಟ್ಟರೆ ಕೆಡುತ್ತದೆ, ಅದನ್ನೂ ಒಪ್ಪುತ್ತೇವೆ. ಆದರೆ ದಿನನಿತ್ಯದ ಬೆಳ್ತಿಗೆ ಅಕ್ಕಿ, ತೊಗರಿಬೇಳೆ, ಬೀಟ್‌ರೂಟು, ಆಲೂಗಡ್ಡೆಗಳಿಗೆ ಈ ಮಾತು ಸಲ್ಲದು. ಬೇಳೆಯನ್ನು ಅರ್ಧ ಗಂಟೆ ಮೊದಲೇ ನೆನೆಹಾಕಿ ಕೆಳಗಿನ ಡಬ್ಬಿಯಲ್ಲಿಡಿ, ನಡುವೆ ಅಕ್ಕಿ, ಮೇಲೆ ದೊಡ್ಡ ಹೋಳು ಮಾಡಿದ ಗೆಡ್ಡೆ, ನೀರಿಲ್ಲದೆ. ಒಗ್ಗರಣೆಗೆ ಮಾತ್ರ ಇನ್ನೊಮ್ಮೆ ಒಲೆ ಹಚ್ಚಿದರಾಯಿತು. ಬೇರೆ ಬೇರೆ ಹೊತ್ತು ಬೇಡುವ ಪದಾರ್ಥಗಳನ್ನು ಹೀಗೆ ಒಂದೇ ಹೊತ್ತಿಗೆ ತಂದು ನಿಲ್ಲಿಸುವುದೇ ಇಲ್ಲಿಯ ಜಾಣತನ. ಅದು ಕೆಟ್ಟಾಗ ಡಬ್ಬಿಯನ್ನು ಬೈಯುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಹಾಗಾದರೆ ಡಬ್ಬಿಗಳು ಅಟ್ಟ ಸೇರಿದ್ದು ಏಕೆ? ನಿಜವಾದ ಕಾರಣವನ್ನು ಹೇಳಿಬಿಡೋಣ. ಕೆಲವರಿಗೆ, ಅದರಲ್ಲೂ ನಮ್ಮಂಥ ಗಂಡಸರಿಗೆ, ಅದು ರುಚಿಸಲಿಕ್ಕಿಲ್ಲ. ಇಂಧನ ಉಳಿಸಿ ಎಂಬ ಉಪದೇಶವೆಲ್ಲ ಗೃಹಿಣಿಗೇ. ಬಿಲ್ಲು ಕೈಗೆ ಬಂದಾಗ ಹುಬ್ಬುಗಂಟಿಕ್ಕುವವರು ಮನೆಯ ಯಜಮಾನರು. ಆದರೆ ಒಂದೇ ಉರಿಯ ಅಡುಗೆಗೆ ಒಂದೇ ಹೊತ್ತಿನ ಊಟ ಬೇಕಲ್ಲ! ಅಜ್ಜನಿಗೆ ಏಳೂವರೆಗೆ ಬಿಸಿ ಅನ್ನ. ಲೋಕಲ್ ಟ್ರೇನಿನಲ್ಲಿ ನಜ್ಜುಗುಜ್ಜಾಗಿ ಬಂದ ಯಜಮಾನರಿಗೆ ಒಂಬತ್ತಕ್ಕೆ ಬಿಸಿ ಚಪಾತಿ. ಹತ್ತಕ್ಕೆ ಬರುವ ಮಗನಿಗೆ ಮತ್ತೇನೋ. ಪ್ರತಿಯೊಬ್ಬನಿಗೂ ಬೇರೆ ಉರಿ, ಪ್ರತಿ ಉರಿಯ ಮುಂದೆಯೂ ಬೆವರುತ್ತ ನಿಂತವಳು ಒಬ್ಬಳೇ. ನಾವು ಪೋಲು ಮಾಡುತ್ತಿರುವುದು ಗ್ಯಾಸನ್ನು ಮಾತ್ರವಲ್ಲ, ಅವಳ ಸಂಜೆಯನ್ನು. ಮನೆಯವರ ಹೊಟ್ಟೆಗಳು ಒಂದು ವೇಳೆಗೆ ಬಾರದಿದ್ದರೆ ಯಾವ ಪಾತ್ರೆಯೂ ಏನನ್ನೂ ಉಳಿಸಿಕೊಡದು.

ಈ ಸತ್ಯವನ್ನು ಮರೆಸಲು ಅಂಗಡಿಗಳು ಸಿದ್ಧವಾಗಿಯೇ ಇವೆ: ಮೂರು ಖಾನೆಯ ಬಾಣಲೆಯಂತೆ, ಒಂದೇ ಬರ್ನರಿಗೆ ಹೊಂದುವ ಮುಮ್ಮೂಲೆಯ ಪಾತ್ರೆಗಳಂತೆ! ಸಣ್ಣ ಬರ್ನರಿನ ಮೇಲಿಟ್ಟ ಅಗಲವಾದ ಬಾಣಲೆಯಲ್ಲಿ ನಡುವೆ ಸೀದು ಅಂಚು ಹಸಿಯಾಗಿ ಉಳಿಯುವುದನ್ನು ಮಾತ್ರ ಯಾವ ಜಾಹೀರಾತೂ ಹೇಳುವುದಿಲ್ಲ. ಹೊಸದನ್ನು ಕೊಳ್ಳುವ ಮೊದಲು ಹಳೆಯ ಡಬ್ಬಿಯಿಂದ ಹುಣಸೆಹಣ್ಣು ತೆಗೆದಿಡಿ, ಅಷ್ಟು ಸಾಕು.

ಕೊನೆಯದಾಗಿ ಒಂದು ಸಲಹೆ. ಕನ್ನಡ ಸಂಘಗಳು ಪ್ರತಿವರ್ಷ ಅಡುಗೆ ಸ್ಪರ್ಧೆ ನಡೆಸುತ್ತವೆ. ಬಹುಮಾನ ಬಗೆಬಗೆಯ ಖಾದ್ಯಗಳಿಗೆ. ಬರುವ ವರ್ಷ ಇನ್ನೊಂದು ಸ್ಪರ್ಧೆಯೂ ಇರಲಿ: ಒಂದು ಬರ್ನರು, ಒಂದು ಕುಕ್ಕರು, ನಾಲ್ವರಿಗೆ ಅನ್ನ, ಹುಳಿ, ಪಲ್ಯ. ಭಾಗವಹಿಸುವವರು ಗಂಡಸರು ಮಾತ್ರ. ತೀರ್ಪುಗಾರರು ಅವರವರ ಮನೆಯ ಹೆಂಗಸರು. ಉಳಿತಾಯದ ಪಾಠವನ್ನು ಯಾರು ಯಾರಿಗೆ ಹೇಳಬೇಕಿತ್ತು ಎಂಬುದು ಅಂದು ಮೊದಲ ಸೀಟಿ ಕೂಗುವ ಮುನ್ನವೇ ತಿಳಿದುಹೋಗುತ್ತದೆ. ಹೆಸರು ಕೊಡಲು ನಾವಂತೂ ಸಿದ್ಧ. ನೀವು?